ಎದುರಾಳಿಗಳು ಒಪ್ಪಿಕೊಂಡ ‘ಕ’

1990ರ ದಶಕದಲ್ಲಿ ಬೆಂಗಳೂರಿನ ಡಿಟಿಪಿ ಅಂಗಡಿಗಳಿಗೆ ಬರುತ್ತಿದ್ದ ಫ್ಲಾಪಿಗಳಿಗೆ ಒಂದು ಚೀಟಿ ಅಂಟಿರುತ್ತಿತ್ತು: ‘ಇಂಥ ಫಾಂಟು.’ ಚೀಟಿ ಕಳೆದರೆ ಕೆಲಸ ಕೆಟ್ಟಿತೆಂದೇ ಅರ್ಥ. ಒಮ್ಮೆ ಒಂದು ಸಂಚಿಕೆಗೆ ಬಂದ ಅಧ್ಯಕ್ಷರ ಶುಭಾಶಯ ನನ್ನ ಪರದೆಯ ಮೇಲೆ ಬರೀ ಚೌಕ, ಡಾಲರ್ ಗುರುತು, ಪ್ರಶ್ನಾರ್ಥಕ ಚಿಹ್ನೆಗಳಾಗಿ ತೆರೆದುಕೊಂಡಿತು. ರಾತ್ರಿ ಕೂತು ಅಷ್ಟನ್ನೂ ಮತ್ತೆ ಕುಟ್ಟಿದೆ. ಕಳಿಸಿದವರ ತಪ್ಪೇನಿರಲಿಲ್ಲ. ಒಬ್ಬೊಬ್ಬ ತಯಾರಕನೂ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ಮಾಡಿ ತನಗೆ ತೋಚಿದ ಸಂಖ್ಯೆಯಲ್ಲಿ ಕೂರಿಸಿದ್ದ. ಗಿರಾಕಿ ಪಕ್ಕದ ಅಂಗಡಿಗೆ ಹೋಗದಿರಲೆಂದು ಹಾಕಿದ ಬೇಲಿಯೂ ಅದೇ ಇರಬೇಕೆಂದು ನನಗೆ ಈಗಲೂ ಅನುಮಾನ.

ಆ ಬೇಲಿ ಮುರಿಯುವ ಮಾತು ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಶುರುವಾಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಇರಲೆಂದು ಝೆರಾಕ್ಸ್‌ನ ಜೋ ಬೆಕರ್ 1988ರಲ್ಲಿ ಕರಡು ಬರೆದರು. ಆಪಲ್‌ನ ಮಾರ್ಕ್ ಡೇವಿಸ್, ಲೀ ಕಾಲಿನ್ಸ್ ಜೊತೆಗಿದ್ದರು. 1991ರ ಜನವರಿಯಲ್ಲಿ ಆ ಸಂಕೇತವನ್ನು ನೋಡಿಕೊಳ್ಳುವ ಒಕ್ಕೂಟ, ಯೂನಿಕೋಡ್ ಕನ್ಸೋರ್ಟಿಯಂ, ನೋಂದಣಿಯಾಯಿತು. ಮಾರುಕಟ್ಟೆಯಲ್ಲಿ ಒಬ್ಬರ ಕಾಲು ಒಬ್ಬರು ಎಳೆಯುವ ಕಂಪನಿಗಳು ಇಲ್ಲಿ ಚಂದಾ ಕಟ್ಟಿ ಒಂದೇ ಮೇಜಿಗೆ ಕೂರುತ್ತವೆ, ಮತ ಹಾಕುತ್ತವೆ. ಅಕ್ಷರಪ್ರೇಮ ಅಂತಲ್ಲ, ಒಂದೊಂದು ದೇಶಕ್ಕೂ ಬೇರೆ ಬೇರೆ ತಂತ್ರಾಂಶ ಕಟ್ಟುವುದು ದುಬಾರಿ.

ಅದೇ ವರ್ಷ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳು ಸಿಕ್ಕವು. ಭಾರತದ್ದೇ ಆದ ‘ಇಸ್ಕಿ’ ಸಂಕೇತದ ಜೋಡಣೆ ಅದಕ್ಕೆ ಆಧಾರ. ‘ಕ’ಕ್ಕೆ 0ಸಿ95, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆಗೆ 0ಸಿಸಿಡಿ, ‘ಷ’ಕ್ಕೆ 0ಸಿಬಿ7. ಮೂರನ್ನೂ ಸಾಲಾಗಿ ಇಟ್ಟರೆ ‘ಕ್ಷ’. ಒತ್ತನ್ನು ಎಲ್ಲಿ, ಹೇಗೆ ಕೂರಿಸಬೇಕೆಂಬುದು ಫಾಂಟಿನ ಪಾಡು. ಆ ಪಾಡು ಸಣ್ಣದಲ್ಲ: ಸಾಮಾನ್ಯರ ಮನೆಯ ವಿಂಡೋಸ್‌ನಲ್ಲಿ ‘ತುಂಗಾ’ ಫಾಂಟಿನೊಂದಿಗೆ ಕನ್ನಡ ಬರಲು 2001ರ ಎಕ್ಸ್‌ಪಿ ತನಕ ಕಾಯಬೇಕಾಯಿತು.

ಈ ನಡುವೆ ನಾವು ಸುಮ್ಮನೆ ಕೂತಿರಲಿಲ್ಲ. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸವನ್ನು ಕನ್ನಡ ಗಣಕ ಪರಿಷತ್ತು ಎತ್ತಿ ಹಿಡಿಯಿತು, ಸರ್ಕಾರ ಒಪ್ಪಿತು, ‘ನುಡಿ’ ತಂತ್ರಾಂಶ ಬಂತು. ಕೆ, ಎಫ್, ಎಕ್ಸ್ ಒತ್ತಿದರೆ ‘ಕ್ಷ’. ನನ್ನ ಬೆರಳಿಗೆ ಅದು ಇವತ್ತಿಗೂ ಹಾಗೇ ಬರುತ್ತದೆ.

ಯೂನಿಕೋಡ್ ಒಕ್ಕೂಟ ತಪ್ಪನ್ನೂ ಮಾಡಿತು. ಹಳಗನ್ನಡದ ‘ೞ’ಕ್ಕೆ ಪಟ್ಟಿಯಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂದು ಹೆಸರಿಟ್ಟಿತು, ಅದೇನೋ ‘ಫ಼’ ಎಂಬಂತೆ! ತಪ್ಪು ಗೊತ್ತಾದ ಮೇಲೂ ಹೆಸರು ಬದಲಾಗಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನೂ ಸಂಖ್ಯೆಯನ್ನೂ ಮುಟ್ಟುವುದಿಲ್ಲ ಎಂಬುದು ಅದರ ನಿಯಮ. ಯಾವುದೋ ಕಂಪನಿಯ ತಂತ್ರಾಂಶ ಆ ಹೆಸರನ್ನೇ ನಂಬಿ ಕೂತಿರಬಹುದು. ಪಕ್ಕದಲ್ಲಿ ‘ಇದು ತಪ್ಪು’ ಎಂದು ಷರಾ ಬರೆದು, ಸರಿಯಾದ ಅಡ್ಡಹೆಸರು ಕೊಟ್ಟು ಕೈತೊಳೆದುಕೊಂಡರು. ನನಗೆ ಮೊದಲು ಸಿಟ್ಟು ಬಂದಿತ್ತು. ಆ ಶುಭಾಶಯದ ರಾತ್ರಿ ನೆನಪಾದಾಗ ಸಿಟ್ಟು ಇಳಿಯಿತು.

ಮೊನ್ನೆ ಹಳಗನ್ನಡದ ಒಂದು ಪುಟ ಜೋಡಿಸುವಾಗ ‘ಪೞಗನ್ನಡ’ ಎಂದು ಹೊಡೆದು ಮಿಂಚಂಚೆಯಲ್ಲಿ ಮೈಸೂರಿಗೆ ಕಳಿಸಿದೆ. ಅತ್ತಲಿನ ಮೇಷ್ಟ್ರು ಫಾಂಟು ಯಾವುದೆಂದು ಕೇಳಲಿಲ್ಲ. ಪ್ರೂಫ್‌ನಲ್ಲಿ ಬೇರೆ ಎರಡು ತಪ್ಪು ಹಿಡಿದು ವಾಪಸು ಕಳಿಸಿದರು.