ಮನೆ ಮನರಂಜನೆಯ ಡಿಜಿಟಲೀಕರಣ

ಸಿನಿಮಾ, ಸಂಗೀತ, ಧಾರಾವಾಹಿ, ಕ್ರೀಡೆಗಳನ್ನು ಮನೆಯಲ್ಲಿ ನೋಡಲು, ಕೇಳಲು ಇದ್ದ ಅನಲಾಗ್ ಸಾಧನಗಳ ಜಾಗಕ್ಕೆ, ಧ್ವನಿ ಮತ್ತು ಚಿತ್ರಗಳನ್ನು ಅಂಕಿಗಳಾಗಿ ದಾಖಲಿಸಿ, ಕುಗ್ಗಿಸಿ, ಸಾಗಿಸುವ ವ್ಯವಸ್ಥೆಗಳು ಬಂದ ಬೆಳವಣಿಗೆಯನ್ನು ಮನೆ ಮನರಂಜನೆಯ ಡಿಜಿಟಲೀಕರಣ ಎನ್ನುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕ್‌ನಿಂದ ಶುರುವಾದ ಇದು ಡಿವಿಡಿ, ಡಿಟಿಎಚ್, ಸೆಟ್ ಟಾಪ್ ಬಾಕ್ಸ್‌ಗಳನ್ನು ದಾಟಿ, ಅಂತರ್ಜಾಲದ ಮೂಲಕ ನಡೆಯುವ ಒಟಿಟಿ ಸೇವೆಗಳವರೆಗೆ ಬಂದಿದೆ. ಯಂತ್ರಗಳ ಜೊತೆಗೆ ಯಜಮಾನಿಕೆಯೂ ಬದಲಾಗಿದೆ. ಕೃತಿ ಟೇಪು, ತಟ್ಟೆಗಳಿಂದ ಬಿಡುಗಡೆಯಾದಂತೆ ಪ್ರೇಕ್ಷಕರ ಆಯ್ಕೆ ಹಿಗ್ಗಿತು. ಕೃತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಅಧಿಕಾರ ಮಾತ್ರ ಅವರ ಕೈತಪ್ಪಿ ಸೇವಾ ಸಂಸ್ಥೆಗಳ ಪಾಲಾಯಿತು. ಭಾರತದಲ್ಲಿ, ಅದರಲ್ಲೂ ಕನ್ನಡದಂಥ ಭಾಷೆಯ ಉದ್ಯಮದಲ್ಲಿ, ಈ ಎರಡೂ ಪರಿಣಾಮಗಳು ಸ್ಪಷ್ಟವಾಗಿ ಕಾಣುತ್ತವೆ.

ಹಿನ್ನೆಲೆ

ಭಾರತದ ಮನೆಗಳಿಗೆ ಯಂತ್ರದ ಮೂಲಕ ಮನರಂಜನೆ ಮೊದಲು ಬಂದದ್ದು ಗ್ರಾಮಫೋನು, ರೇಡಿಯೋಗಳಿಂದ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಟಿವಿಯ ಪ್ರಾಯೋಗಿಕ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಶುರುವಾಯಿತು. 1975–76ರ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ, ಬಣ್ಣದ ಪ್ರಸಾರ ಬಂತು. ಎಂಬತ್ತರ ದಶಕದಲ್ಲಿ ವಿಡಿಯೋ ಕ್ಯಾಸೆಟ್‌ಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಊರೂರಿನಲ್ಲಿ ತೆರೆದವು. ತೊಂಬತ್ತರ ದಶಕದಲ್ಲಿ ಕೇಬಲ್ ಜಾಲ ಹಬ್ಬಿತು; 1994ರಲ್ಲಿ ಉದಯ ಟಿವಿ ಪ್ರಸಾರ ಆರಂಭಿಸಿತು.

ಈ ಅನಲಾಗ್ ವ್ಯವಸ್ಥೆಗೆ ಎರಡು ದೊಡ್ಡ ಮಿತಿಗಳಿದ್ದವು. ಟೇಪಿನಿಂದ ಟೇಪಿಗೆ ನಕಲು ಮಾಡಿದಂತೆಲ್ಲ ಚಿತ್ರ ಮಸುಕಾಗುತ್ತಿತ್ತು, ಧ್ವನಿ ಕೆಡುತ್ತಿತ್ತು. ಕೇಬಲ್ ತಂತಿಯಲ್ಲಿ ಹಿಡಿಸುವ ವಾಹಿನಿಗಳ ಸಂಖ್ಯೆಯೂ ಸೀಮಿತವಾಗಿತ್ತು. ಒಂದು ಅನಲಾಗ್ ವಾಹಿನಿ ಆಕ್ರಮಿಸುತ್ತಿದ್ದ ತರಂಗಾಂತರದಲ್ಲಿ ಈಗ ಸಾಮಾನ್ಯ ಗುಣಮಟ್ಟದ ಸುಮಾರು ಹತ್ತು ಡಿಜಿಟಲ್ ವಾಹಿನಿಗಳು ಹಿಡಿಯುತ್ತವೆ.

ಸಂಕೋಚನ ತಂತ್ರ

ಡಿಜಿಟಲ್ ಮನರಂಜನೆಗೆ ಅಡಿಪಾಯ ಹಾಕಿದ್ದು ದತ್ತಾಂಶವನ್ನು ಕುಗ್ಗಿಸುವ ಗಣಿತ. ಅದು ಏಕೆ ಬೇಕಾಯಿತೆಂಬುದು ಸರಳ ಲೆಕ್ಕದಿಂದ ತಿಳಿಯುತ್ತದೆ. ಸಾಮಾನ್ಯ ಗುಣಮಟ್ಟದ ಟಿವಿ ಚಿತ್ರದಲ್ಲಿ 720 × 576 ಬಿಂದುಗಳಿವೆ. ಪ್ರತಿ ಬಿಂದುವಿನ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 25 ಚಿತ್ರಗಳಂತೆ ಗುಣಿಸಿದರೆ ಸೆಕೆಂಡಿಗೆ ಸುಮಾರು 25 ಕೋಟಿ ಬಿಟ್ ಆಗುತ್ತದೆ. ಎರಡು ಗಂಟೆಯ ಸಿನಿಮಾವನ್ನು ಹೀಗೆ ಇದ್ದಂತೆಯೇ ದಾಖಲಿಸಲು ಸುಮಾರು 224 ಗಿಗಾಬೈಟ್ ಜಾಗ ಬೇಕು, ಅಂದರೆ 4.7 ಗಿಗಾಬೈಟ್‌ನ 48 ಡಿವಿಡಿಗಳು. ಅದೇ ಸಿನಿಮಾ ಒಂದೇ ತಟ್ಟೆಯಲ್ಲಿ ಕೂರುವುದು ಸಂಕೋಚನದಿಂದ.

ಇದರ ಮುಖ್ಯ ಸೂತ್ರವಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್‌ನ ಕಲ್ಪನೆ ನಾಸಿರ್ ಅಹ್ಮದ್ ಅವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ (ಯುವಿಸಿಇ) 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. 1972ರಲ್ಲಿ ಈ ಸಂಶೋಧನೆಗೆ ನೆರವು ಕೋರಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು. ಆದರೂ ಕೆಲಸ ನಿಲ್ಲಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು.

ಚಿತ್ರವನ್ನು 8 × 8 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಬದಲಾಗುವ ಭಾಗವನ್ನೂ ಥಟ್ಟನೆ ಬದಲಾಗುವ ಭಾಗವನ್ನೂ ಈ ವಿಧಾನ ಬೇರ್ಪಡಿಸುತ್ತದೆ. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳನ್ನು ಒರಟಾಗಿ ದಾಖಲಿಸಿದರೆ, ಇಲ್ಲವೇ ಬಿಟ್ಟರೆ, ಕಡತ ಚಿಕ್ಕದಾಗುತ್ತದೆ. ವಿಡಿಯೋದಲ್ಲಿ ಇನ್ನೊಂದು ಉಳಿತಾಯವೂ ಉಂಟು. ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿದರೆ ಸಾಕು; ವಾರ್ತೆ ಓದುವವರ ಹಿಂದಿನ ಗೋಡೆಯನ್ನು ಸೆಕೆಂಡಿಗೆ 25 ಬಾರಿ ಕಳಿಸಬೇಕಾಗಿಲ್ಲ. ಜೆಪೆಗ್ ಚಿತ್ರ, ಡಿವಿಡಿಯ ಎಂಪೆಗ್-2, 2003ರ ಎಚ್.264 ಮೊದಲಾದ ಮಾನಕಗಳೆಲ್ಲ ಇದೇ ತತ್ತ್ವದ ಮೇಲೆ ನಿಂತಿವೆ.

ತಟ್ಟೆಗಳ ಕಾಲ

ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿಸುತ್ತಿತ್ತು. 1993ರಲ್ಲಿ ವಿಸಿಡಿ, 1996ರಲ್ಲಿ ಜಪಾನಿನಲ್ಲಿ ಡಿವಿಡಿ, 2006ರಲ್ಲಿ ಬ್ಲೂ-ರೇ ಬಂದವು. ಪಾಶ್ಚಾತ್ಯ ದೇಶಗಳಲ್ಲಿ ವಿಸಿಡಿ ಬೇರೂರಲಿಲ್ಲ. ಭಾರತ ಮತ್ತು ಏಷ್ಯಾದ ಇತರ ದೇಶಗಳಲ್ಲಿ ಅಗ್ಗದ ಪ್ಲೇಯರ್‌ಗಳಿಂದಾಗಿ ಮನೆಮಾತಾಯಿತು. ಒಂದು ತಟ್ಟೆಯಲ್ಲಿ 74 ನಿಮಿಷದ ವಿಡಿಯೋ ಹಿಡಿಯುತ್ತಿದ್ದರಿಂದ ನಮ್ಮ ಸಿನಿಮಾಗಳು ಎರಡು ಮೂರು ತಟ್ಟೆಗಳಲ್ಲಿ ಬರುತ್ತಿದ್ದವು.

ಡಿಜಿಟಲ್ ನಕಲು ಮೂಲದಷ್ಟೇ ಸ್ವಚ್ಛವಾಗಿರುತ್ತದೆ. ಹಾಗಾಗಿ ಅದು ವರವೂ ಆಯಿತು, ಶಾಪವೂ ಆಯಿತು. ಸಿನಿಮಾ ಬಿಡುಗಡೆಯಾದ ವಾರದಲ್ಲೇ ಕಳ್ಳ ವಿಸಿಡಿಗಳು ಬೀದಿಬದಿಗೆ ಬರುತ್ತಿದ್ದವು. ಖಾಲಿ ತಟ್ಟೆಗಳ ತಯಾರಿಕೆಯಲ್ಲಿ ಹೆಸರಾಗಿದ್ದ ಮೋಸರ್ ಬೇರ್ ಕಂಪನಿ ಇದಕ್ಕೆ ಉತ್ತರವಾಗಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಕೊಡುವ ಹಾದಿ ಹಿಡಿಯಿತು. ಅಧಿಕೃತ ಪ್ರತಿಯೇ ಕಳ್ಳ ಪ್ರತಿಯಷ್ಟು ಅಗ್ಗವಾದರೆ ಜನ ಅದನ್ನೇ ಕೊಳ್ಳುತ್ತಾರೆ ಎಂಬುದು ಅದರ ತರ್ಕ. ಅಂತರ್ಜಾಲ ಮುಂದೊತ್ತಿದಂತೆ ತಟ್ಟೆಗಳ ವ್ಯಾಪಾರವೇ ಸೊರಗಿತು.

ಡಿಟಿಎಚ್ ಮತ್ತು ಸೆಟ್ ಟಾಪ್ ಬಾಕ್ಸ್

ಭಾರತದಲ್ಲಿ ಉಪಗ್ರಹದಿಂದ ನೇರವಾಗಿ ಮನೆಗೆ ಪ್ರಸಾರ ಕೊಡುವ ಡಿಟಿಎಚ್ ಸೇವೆಯನ್ನು ಡಿಶ್ ಟಿವಿ 2003ರಲ್ಲಿ ಆರಂಭಿಸಿತು. 2004ರ ಡಿಸೆಂಬರ್‌ನಲ್ಲಿ ಬಂದ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ (ಈಗಿನ ಡಿಡಿ ಫ್ರೀ ಡಿಶ್) ತಿಂಗಳ ಶುಲ್ಕವಿಲ್ಲದ ಸೇವೆ. 2006ರಲ್ಲಿ ಶುರುವಾದ ಟಾಟಾ ಸ್ಕೈಗೆ ಇಸ್ರೋದ ಇನ್ಸಾಟ್-4ಎ ಉಪಗ್ರಹ ಆಸರೆಯಾಯಿತು. ಇನ್ಸಾಟ್ ಸರಣಿಯ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆ. ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುವುದರಿಂದ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಚಿತ್ರ ಆಗಾಗ ಕಡಿದುಹೋಗುತ್ತದೆ. ಆದರೂ ಕೇಬಲ್ ತಂತಿ ಎಳೆಯಲಾಗದ ಒಂಟಿಮನೆಗಳಿಗೂ ಟಿವಿ ತಲುಪಿದ್ದು ಡಿಟಿಎಚ್‌ನ ಪುಟ್ಟ ತಟ್ಟೆ ಆಂಟೆನಾದಿಂದಲೇ.

ಕೇಬಲ್ ಕ್ಷೇತ್ರದ ಬದಲಾವಣೆ ಕಾನೂನಿನ ಮೂಲಕ ಬಂತು. ಅನಲಾಗ್ ಕಾಲದಲ್ಲಿ ಬೀದಿಯ ಕೇಬಲ್ ಆಪರೇಟರ್‌ಗೆ ಎಷ್ಟು ಮನೆಗಳ ಸಂಪರ್ಕವಿದೆ ಎಂಬುದು ಬೇರೆ ಯಾರಿಗೂ ಖಚಿತವಾಗಿ ತಿಳಿಯುತ್ತಿರಲಿಲ್ಲ. ಲೆಕ್ಕಕ್ಕೆ ಸಿಗದ ಚಂದಾದಾರರಿಂದ ವಾಹಿನಿಗಳಿಗೂ ಸರ್ಕಾರಕ್ಕೂ ಆದಾಯ ತಪ್ಪುತ್ತಿತ್ತು. ಪ್ರತಿ ಮನೆಗೂ ಸಂಖ್ಯೆಯುಳ್ಳ ಸೆಟ್ ಟಾಪ್ ಬಾಕ್ಸ್ ಬಂದರೆ ಲೆಕ್ಕ ಸಿಗುತ್ತದೆ. 1995ರ ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು, ನಾಲ್ಕು ಹಂತಗಳಲ್ಲಿ ಡಿಜಿಟಲೀಕರಣ ಕಡ್ಡಾಯ ಮಾಡಲಾಯಿತು. ಮೊದಲ ಹಂತದ ನಾಲ್ಕು ಮಹಾನಗರಗಳಲ್ಲಿ 2012ರ ಅಕ್ಟೋಬರ್ 31, ಬೆಂಗಳೂರು ಮತ್ತು ಮೈಸೂರು ಸೇರಿದ ಎರಡನೇ ಹಂತದ 38 ನಗರಗಳಲ್ಲಿ 2013ರ ಮಾರ್ಚ್ 31 ಗಡುವಾಗಿತ್ತು. 2019ರ ಫೆಬ್ರವರಿಯಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಬಿಡಿ ವಾಹಿನಿಗಳಿಗೂ ಬೆಲೆ ಘೋಷಿಸಬೇಕಾಯಿತು. ಬೇಕಾದ ವಾಹಿನಿಗಷ್ಟೇ ಹಣ ಕೊಡುವ ಹಕ್ಕು ಚಂದಾದಾರರಿಗೆ ದೊರೆಯಿತು.

ಅಂತರ್ಜಾಲದ ಮೂಲಕ ಪ್ರಸಾರ

1997ರಲ್ಲಿ ಸ್ಥಾಪನೆಯಾಗಿ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಅಂತರ್ಜಾಲದ ಮೂಲಕ ಸಿನಿಮಾ ತೋರಿಸಲು ಶುರುಮಾಡಿತು. ಡಿವಿಡಿ ಬಾಡಿಗೆಯ ದೈತ್ಯ ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಭಾರತದಲ್ಲಿ ಹಾಟ್‌ಸ್ಟಾರ್ 2015ರಲ್ಲಿ, ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೋ 2016ರಲ್ಲಿ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾದ ಬೆಲೆ ಇಳಿದು, ಮನೆಗೊಂದು ಪರದೆಯಿದ್ದ ಕಡೆ ಆಳಿಗೊಂದು ಪರದೆಯಾಯಿತು.

ಒಟಿಟಿ ಸೇವೆಯಲ್ಲಿ ಒಂದೇ ಸಿನಿಮಾವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಇಡುತ್ತಾರೆ. ನೋಡುವವರ ಸಂಪರ್ಕದ ವೇಗವನ್ನು ಆ್ಯಪ್ ಅಳೆಯುತ್ತ, ಮುಂದಿನ ತುಣುಕು ಯಾವ ಗುಣಮಟ್ಟದ್ದಿರಬೇಕೆಂದು ತೀರ್ಮಾನಿಸುತ್ತದೆ. ಸಿಗ್ನಲ್ ಕುಗ್ಗಿದಾಗ ಚಿತ್ರ ನಿಲ್ಲದೆ ಮಸುಕಾಗುವುದು ಇದರಿಂದಲೇ. ತುಣುಕುಗಳು ಕೂಡಿಬರಲು ಸಮಯ ಬೇಕಾದ್ದರಿಂದ ನೇರಪ್ರಸಾರ ಕೆಲವು ಸೆಕೆಂಡು ತಡವಾಗುತ್ತದೆ. ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುವವರಿಗೆ ಡಿಟಿಎಚ್ ಇರುವ ಪಕ್ಕದ ಮನೆಯ ಕೇಕೆ ಮೊದಲು ಕೇಳಿಸುತ್ತದೆ. ಆಕಾಶದ ಪ್ರಸಾರಕ್ಕೆ ಒಬ್ಬರು ನೋಡಿದರೂ ಕೋಟಿ ಜನ ನೋಡಿದರೂ ಖರ್ಚು ಒಂದೇ. ಒಟಿಟಿಯಲ್ಲಿ ಪ್ರತಿ ವೀಕ್ಷಕರೂ ಹೊಸ ಖರ್ಚು.

ಉದ್ಯಮದ ಲೆಕ್ಕಾಚಾರ

ಹಣದ ಹರಿವು ಎತ್ತ ತಿರುಗಿತೆಂಬುದಕ್ಕೆ ಐಪಿಎಲ್ ಹಕ್ಕುಗಳ ಹರಾಜು ನಿಚ್ಚಳ ಸಾಕ್ಷಿ. 2022ರ ಜೂನ್‌ನಲ್ಲಿ, 2023ರಿಂದ 2027ರವರೆಗಿನ ಪಂದ್ಯಗಳಿಗೆ, ಭಾರತದ ಟಿವಿ ಹಕ್ಕು 23,575 ಕೋಟಿ ರೂಪಾಯಿಗೆ ಹೋಯಿತು. ಡಿಜಿಟಲ್ ಹಕ್ಕಿನ ಎರಡು ಭಾಗಗಳು ಸೇರಿ 23,758 ಕೋಟಿಗೆ ಹೋದವು. ಡಿಜಿಟಲ್ ಮೌಲ್ಯ ಟಿವಿಯನ್ನು ದಾಟಿದ ಹರಾಜು ಅದು. ಟಿವಿ ಹಕ್ಕು ಹಿಡಿದಿದ್ದ ಬಳಗವೂ ಡಿಜಿಟಲ್ ಹಕ್ಕು ಹಿಡಿದಿದ್ದ ಬಳಗವೂ ಮುಂದೆ ಒಂದಾದವು. 2025ರ ಫೆಬ್ರವರಿಯಲ್ಲಿ ಅವುಗಳ ಜಂಟಿ ಒಟಿಟಿ ಸೇವೆಯಾಗಿ ಜಿಯೋಹಾಟ್‌ಸ್ಟಾರ್ ಬಂತು.

ಎಣಿಕೆಯ ಕ್ರಮವೂ ಬದಲಾಗಿದೆ. ಟಿವಿಯ ವೀಕ್ಷಕರನ್ನು ಆಯ್ದ ಮನೆಗಳ ಮೀಟರ್‌ಗಳಿಂದ ಅಂದಾಜಿಸುತ್ತಾರೆ. ಒಟಿಟಿಯಲ್ಲಿ ಯಾರು, ಯಾವ ದೃಶ್ಯದಲ್ಲಿ ನಿಲ್ಲಿಸಿದರು ಎಂಬುದೂ ದಾಖಲಾಗುತ್ತದೆ. ಆ ಮಾಹಿತಿ ಸಂಸ್ಥೆಯ ಬಳಿ ಉಳಿಯುತ್ತದೆಯೇ ಹೊರತು ನಿರ್ಮಾಪಕರಿಗೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಮುಂದಿನ ಸಿನಿಮಾದ ಬೆಲೆ ಮಾತಾಡುವಾಗ ಅವರ ಕೈ ಬರಿದಾಗಿರುತ್ತದೆ.

ಕನ್ನಡದ ಸ್ಥಿತಿ

2020ರ ಲಾಕ್‌ಡೌನ್‌ನಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಜುಲೈನಲ್ಲಿ ನೇರವಾಗಿ ಪ್ರೈಮ್ ವಿಡಿಯೋದಲ್ಲಿ ತೆರೆಕಂಡವು. ಊರು ಬಿಟ್ಟ ಕನ್ನಡಿಗರಿಗೆ ಒಟಿಟಿ ದೊಡ್ಡ ಉಪಕಾರ ಮಾಡಿದೆ. ಹೊಸ ಸಿನಿಮಾಕ್ಕಾಗಿ ಕನ್ನಡ ಸಂಘದ ವಿಶೇಷ ಪ್ರದರ್ಶನವನ್ನು ಕಾಯಬೇಕಾಗಿಲ್ಲ.

ಆದರೆ ದೊಡ್ಡ ಸಂಸ್ಥೆಗಳು ಹಣ ಹೂಡಿ ಮಾಡಿಸುವ ಕನ್ನಡದ ಮೂಲ ಸರಣಿಗಳು ಹಿಂದಿ, ತೆಲುಗು, ತಮಿಳುಗಳಿಗೆ ಹೋಲಿಸಿದರೆ ತೀರ ಕಡಿಮೆ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ‘ಏಕಂ’ ಸರಣಿಯನ್ನು 2024ರಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. 2025ರಲ್ಲಿ ಜೀ5 ‘ಅಯ್ಯನ ಮನೆ’ಯನ್ನು ಕನ್ನಡದ ಸರಣಿಯಾಗಿ ತಂದಿತು. ಅದೇ ವರ್ಷದ ಆಯವ್ಯಯದಲ್ಲಿ ಕರ್ನಾಟಕ ಸರ್ಕಾರ ಕನ್ನಡ ಸಿನಿಮಾಗಳಿಗಾಗಿ ಒಟಿಟಿ ವೇದಿಕೆ ರೂಪಿಸುವುದಾಗಿ ಪ್ರಕಟಿಸಿತು. ಇನ್ನೊಂದು ಭಾಷೆಯ ಸರಣಿಗೆ ಕನ್ನಡ ಧ್ವನಿ ಸೇರಿಸುವುದು ಅಗ್ಗ, ಕನ್ನಡದಲ್ಲೇ ಹೊಸದು ಮಾಡುವುದು ದುಬಾರಿ. ಈ ಲೆಕ್ಕ ಬದಲಾಗದ ಹೊರತು ತಂತ್ರಜ್ಞಾನ ಭಾಷೆಯನ್ನು ತಾನಾಗಿ ಬೆಳೆಸದು.

ಕಾನೂನು

2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರರು ಮತ್ತು ಸಂಗೀತ ಸಂಯೋಜಕರ ರಾಯಧನದ ಹಕ್ಕನ್ನು ಭದ್ರಪಡಿಸಿತು. 2021ರ ಐಟಿ ನಿಯಮಗಳು ಒಟಿಟಿ ಸೇವೆಗಳಿಗೆ ವಯೋಮಾನದ ವರ್ಗೀಕರಣವನ್ನೂ ಮೂರು ಹಂತದ ದೂರು ವ್ಯವಸ್ಥೆಯನ್ನೂ ವಿಧಿಸಿದವು. ಕರ್ನಾಟಕದ 2024ರ ಕಾಯ್ದೆ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗಿನ ಸೆಸ್‌ಗೆ ಅವಕಾಶ ಮಾಡಿ, ಆ ಹಣವನ್ನು ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ಮೀಸಲಿಟ್ಟಿತು.

ಸಂರಕ್ಷಣೆಯ ಪ್ರಶ್ನೆ

ಕೊಂಡ ಡಿವಿಡಿ ಕಪಾಟಿನಲ್ಲಿ ಉಳಿಯುತ್ತದೆ. ಒಟಿಟಿಯ ಸಿನಿಮಾ ಹಕ್ಕಿನ ಅವಧಿ ಮುಗಿದ ದಿನ ಕಾಣೆಯಾಗುತ್ತದೆ, ಇದ್ದಾಗಲೂ ಬದಲಾಗಬಹುದು. ‘ಕಾಂತಾರ’ 2022ರ ನವೆಂಬರ್‌ನಲ್ಲಿ ಪ್ರೈಮ್ ವಿಡಿಯೋಗೆ ಬಂದಾಗ, ಕೃತಿಸ್ವಾಮ್ಯದ ಮೊಕದ್ದಮೆಯಿಂದಾಗಿ ‘ವರಾಹ ರೂಪಂ’ ಹಾಡಿನ ಧಾಟಿ ಬೇರೆಯಾಗಿತ್ತು. ಮೂಲ ಹಾಡು ಆಮೇಲೆ ಮರಳಿತು. ಎರಡು ಬಾರಿಯೂ ವೀಕ್ಷಕರ ಮನೆಯಲ್ಲಿ ಯಾರೂ ಏನೂ ಮುಟ್ಟಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿ ಇಂದು ಉಳಿದಿಲ್ಲ. ಸುಟ್ಟುಹೋಗುವ, ಕೊಳೆಯುವ ಫಿಲ್ಮಿನ ಕಾಲದ ನಷ್ಟ ಅದು. ಎಷ್ಟು ನಕಲು ಮಾಡಿದರೂ ಗುಣ ಕೆಡದ ಡಿಜಿಟಲ್ ಕಾಲದಲ್ಲಿ ಅಂಥ ನಷ್ಟಕ್ಕೆ ಕ್ಷಮೆಯಿಲ್ಲ. ಅಚ್ಚಾದ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂದು 1954ರ ಕಾಯ್ದೆ ಹೇಳುತ್ತದೆ. ವೆಬ್ ಸರಣಿಗಳು ಅದರ ವ್ಯಾಪ್ತಿಯಲ್ಲಿಲ್ಲ. ಅಂತರ್ಜಾಲದಲ್ಲಷ್ಟೇ ಬಿಡುಗಡೆಯಾಗುವ ಸಿನಿಮಾ, ಸರಣಿಗಳ ಒಂದು ಪ್ರತಿ ಸಾರ್ವಜನಿಕ ಸಂಗ್ರಹಾಲಯ ಸೇರುವುದನ್ನು ಕಾನೂನು ಕಡ್ಡಾಯ ಮಾಡಬೇಕು. ಈ ಕೆಲಸಕ್ಕೆ ಬೇಕಾದ ತಂತ್ರಜ್ಞಾನ ಈಗಾಗಲೇ ಇದೆ. ಬೇಕಾಗಿರುವುದು ಸಾರ್ವಜನಿಕ ಸಂಕಲ್ಪ.