ಕಾಟಿಪಳ್ಳ: ಬಂದರು ಎಬ್ಬಿಸಿದ ಜನ, ಬಂದರು ಕೂರಿಸಿದ ಊರು

ಸುರತ್ಕಲ್ ಬಳಿಯ ಕಾಟಿಪಳ್ಳ–ಕೃಷ್ಣಾಪುರದಲ್ಲಿ ಜನ ತುಂಬಿದ್ದು ಮುಖ್ಯವಾಗಿ ಬಂದರಿನಿಂದ. ಪಣಂಬೂರಿನ ಕಡಲಂಚಿನಲ್ಲಿ ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ, ತೆಂಗಿನ ತೋಟ ಬಿಟ್ಟೆದ್ದ ಕುಟುಂಬಗಳಿಗೆ ಸರ್ಕಾರ ನಿವೇಶನ ಕೊಟ್ಟದ್ದು ಇಲ್ಲಿ. ಗುರುತು ಬೇಕಿದ್ದರೆ ವಿಳಾಸಗಳನ್ನು ನೋಡಿ: ಮೂರನೇ ಬ್ಲಾಕ್, ಏಳನೇ ಬ್ಲಾಕ್. ತುಳುನಾಡಿನ ಹಳೆಯ ಊರು ತನ್ನ ಕೇರಿಗಳನ್ನು ಹೀಗೆ ಎಣಿಸುವುದಿಲ್ಲ; ಎಣಿಸುವುದು ನಕ್ಷೆ ಬರೆಯುವ ಕಚೇರಿ.

1960ರಲ್ಲೇ ಸುರತ್ಕಲ್ಲಿಗೆ ಎಂಜಿನಿಯರಿಂಗ್ ಕಾಲೇಜು ಬಂದಿತ್ತು, ಬಂದರಿಲ್ಲದಿದ್ದರೂ ಊರು ಬೆಳೆಯುತ್ತಿತ್ತು ಎನ್ನುವವರಿದ್ದಾರೆ. ಬೆಳೆಯುತ್ತಿತ್ತು, ನಿಜ, ಆದರೆ ಹೆದ್ದಾರಿಗೆ ಅಂಟಿಕೊಂಡು, ಒಂದೊಂದೇ ಮನೆಯಾಗಿ. ಕಡಲು ಬಿಟ್ಟು ಒಳನಾಡಿನ ಕಾಟಿಪಳ್ಳದ ಗುಡ್ಡಕ್ಕೆ ನೆರೆಹೊರೆ ಸಮೇತ ಜನ ಏರಿಬಂದದ್ದಕ್ಕೆ ಕಾಲೇಜು ಕಾರಣವಾಗಲಾರದು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದ ಬಂದರಿನ ಲೆಕ್ಕಕ್ಕೆ ಹಡಗು, ಅದಿರುಗಳ ಜತೆಗೆ ಈ ಬ್ಲಾಕುಗಳೂ ಸೇರಬೇಕು.