ಯಕ್ಷಗಾನದ ಖಾಸಗಿ ಧ್ವನಿಮುದ್ರಣಗಳು

ಯಕ್ಷಗಾನದ ಖಾಸಗಿ ಧ್ವನಿಮುದ್ರಣಗಳು ಎಂದರೆ ಮೇಳಗಳ ಆಟಗಳನ್ನು ಪ್ರೇಕ್ಷಕರು ತಮ್ಮ ಸ್ವಂತ ಟೇಪ್ ರೆಕಾರ್ಡರುಗಳಲ್ಲಿ ಮುದ್ರಿಸಿಕೊಂಡ ಧ್ವನಿಸುರುಳಿಗಳು. ಕುಂದಾಪುರ, ಬ್ರಹ್ಮಾವರ ಮತ್ತು ಬೈಂದೂರು ತಾಲೂಕುಗಳನ್ನೊಳಗೊಂಡ ಬಡಗುತಿಟ್ಟಿನ ಪ್ರದೇಶದಲ್ಲಿ ಕ್ಯಾಸೆಟ್ ಯಂತ್ರಗಳು ಮನೆಮನೆಗೆ ಬಂದ ಕಾಲದಲ್ಲಿ ಈ ರೂಢಿ ಬೆಳೆಯಿತು. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಇಂಥ ಅನಧಿಕೃತ ಮುದ್ರಣಗಳನ್ನು ಬೂಟ್‌ಲೆಗ್ ಎನ್ನುತ್ತಾರೆ. ಗುಂಡ್ಮಿ ಕಾಳಿಂಗ ನಾವಡರಂತಹ ಭಾಗವತರ ರಂಗದ ಹಾಡುಗಾರಿಕೆಯ ಬಗ್ಗೆ ಇಂದು ತಿಳಿಯಬಯಸುವವರಿಗೆ ಈ ಸುರುಳಿಗಳು ಮುಖ್ಯ ಆಕರಗಳಾಗಿವೆ.

ಹಿನ್ನೆಲೆ

ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ಮಾತ್ರ ಲಿಖಿತ ರೂಪದಲ್ಲಿರುತ್ತವೆ. ಅವುಗಳ ವಿಸ್ತಾರ, ವೇಗ ಮತ್ತು ಪುನರಾವರ್ತನೆಗಳನ್ನು ಭಾಗವತರು ರಂಗಸ್ಥಳದಲ್ಲಿಯೇ ನಿರ್ಧರಿಸುತ್ತಾರೆ. ವೇಷಧಾರಿಗಳ ಅರ್ಥಗಾರಿಕೆ ಆಶುಮಾತು. ಆದುದರಿಂದ ಒಂದೇ ಮೇಳ ಒಂದೇ ಪ್ರಸಂಗವನ್ನು ಎರಡು ಊರುಗಳಲ್ಲಿ ಆಡಿದರೂ ಆಟ ಒಂದೇ ಆಗಿರುವುದಿಲ್ಲ. ಮುದ್ರಿಸಿಕೊಳ್ಳದ ಆಟ ನೋಡಿದವರ ನೆನಪಿನಲ್ಲಷ್ಟೇ ಉಳಿಯುತ್ತದೆ.

ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಯಕ್ಷಗಾನದ ಧ್ವನಿಸುರುಳಿಗಳು ಸ್ಟುಡಿಯೋದಲ್ಲಿ, ಕುಣಿತವಿಲ್ಲದೆ, ನಿಗದಿತ ಅವಧಿಗೆ ಹೊಂದಿಸಿಕೊಂಡು ಸಿದ್ಧಪಡಿಸಿದವು. ಅವುಗಳಲ್ಲಿ ಧ್ವನಿ ಶುದ್ಧವಾಗಿದ್ದರೂ ವೇಷದ ಹೆಜ್ಜೆಗೆ ಕಾದು ಪದ್ಯವನ್ನು ಹಿಗ್ಗಿಸುವ ರಂಗದ ಲಯ ಸಿಗುವುದಿಲ್ಲ. ಪ್ರೇಕ್ಷಕರು ಅರಸಿದ್ದು ಆ ಲಯವನ್ನೇ. ತೆಕ್ಕಟ್ಟೆಯು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೋಟ ಮತ್ತು ಕುಂದಾಪುರಗಳ ನಡುವೆ ಇದೆ. ಇಂಥ ಊರುಗಳಿಗೆ ಸಾಲಿಗ್ರಾಮ, ಅಮೃತೇಶ್ವರಿ, ಮಂದಾರ್ತಿ, ಮಾರಣಕಟ್ಟೆ ಮೊದಲಾದ ಹಲವು ಮೇಳಗಳ ನೆಲೆಗಳು ದೂರವಲ್ಲ. ತಿರುಗಾಟದ ತಿಂಗಳುಗಳಲ್ಲಿ ಸುತ್ತಮುತ್ತ ಬಯಲಾಟವೋ ಡೇರೆ ಮೇಳದ ಆಟವೋ ನಡೆಯುತ್ತಲೇ ಇರುತ್ತಿತ್ತು.

ಮುದ್ರಣದ ಕ್ರಮ

ಫಿಲಿಪ್ಸ್ ಕಂಪನಿಯು ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು 1963ರಲ್ಲಿ ಹೊರತಂದಿತು. ಬ್ಯಾಟರಿಯಿಂದ ನಡೆಯುವ, ಒಳಗೇ ಮೈಕ್ ಇರುವ ಯಂತ್ರಗಳು ದೊರೆಯತೊಡಗಿದ ಬಳಿಕ ರಂಗಸ್ಥಳದ ಅಂಚಿನಲ್ಲಿಯೋ ಧ್ವನಿವರ್ಧಕದ ಸಮೀಪದಲ್ಲಿಯೋ ಅವನ್ನಿಟ್ಟು ಮುದ್ರಿಸುವುದು ಸುಲಭವಾಯಿತು. ತೊಂಬತ್ತು ನಿಮಿಷದ ಸುರುಳಿಯ ಒಂದು ಬದಿಗೆ 45 ನಿಮಿಷ. ಎಂಟು ಗಂಟೆಯ ಆಟಕ್ಕೆ ಕನಿಷ್ಠ ಆರು ಸುರುಳಿಗಳು ಬೇಕು. ಬದಿ ತಿರುಗಿಸುವಾಗ ಕೆಲವು ಸಾಲುಗಳು ತಪ್ಪಿಹೋಗುವುದು ಅನಿವಾರ್ಯವಾಗಿತ್ತು. ಎಲ್ಲವನ್ನೂ ಮುದ್ರಿಸುವಷ್ಟು ಸುರುಳಿಗಳಿಲ್ಲದವರು ಮೆಚ್ಚಿನ ಭಾಗವತರು ಕುಳಿತ ಮೇಲೆ ಯಂತ್ರವನ್ನು ಚಾಲೂ ಮಾಡಿ ಮಾತಿನ ಭಾಗದಲ್ಲಿ ನಿಲ್ಲಿಸುತ್ತಿದ್ದರು. ಹೀಗಾಗಿ ಹಲವು ಸುರುಳಿಗಳಲ್ಲಿ ಪದ್ಯಗಳಿವೆ, ಅರ್ಥಗಾರಿಕೆ ಇಲ್ಲ. ಅರ್ಥಧಾರಿಗಳ ದೃಷ್ಟಿಯಿಂದ ಇದು ದೊಡ್ಡ ನಷ್ಟವೇ ಸರಿ.

ಆಲಿಸುವಾಗ ಗಮನಿಸಬೇಕಾದುದು

ಈ ಮುದ್ರಣಗಳನ್ನು ಅಭ್ಯಾಸಕ್ಕೆ ಬಳಸುವ ವಿದ್ಯಾರ್ಥಿಗಳಿಗೆ ಶ್ರುತಿಯ ವಿಷಯದಲ್ಲಿ ಎಚ್ಚರ ಅಗತ್ಯ. ಬ್ಯಾಟರಿ ಕ್ಷೀಣಿಸಿದಂತೆ ಯಂತ್ರದ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿತವಾದ ಸುರುಳಿಯನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಧ್ವನಿ ಮೂಲಕ್ಕಿಂತ ಏರು ಶ್ರುತಿಯಲ್ಲಿಯೂ ಪದ್ಯ ಮೂಲಕ್ಕಿಂತ ದ್ರುತವಾಗಿಯೂ ಕೇಳಿಸುತ್ತದೆ. ಅದನ್ನೇ ಭಾಗವತರ ನಿಜವಾದ ಶ್ರುತಿಯೆಂದು ಭಾವಿಸಿ ಅನುಕರಿಸುವವರು ಕಂಠಕ್ಕೆ ಅನಗತ್ಯ ಶ್ರಮ ಕೊಟ್ಟಂತಾಗುತ್ತದೆ. ಇದನ್ನು ಪತ್ತೆಹಚ್ಚಲು ಹಿನ್ನೆಲೆಯ ಶ್ರುತಿಪೆಟ್ಟಿಗೆಯ ನಾದವನ್ನು ಗಮನಿಸಬೇಕು. ಸುರುಳಿ ಸಾಗಿದಂತೆ ಆ ನಾದ ಸ್ವಲ್ಪಸ್ವಲ್ಪವಾಗಿ ಏರುತ್ತಿದ್ದರೆ ದೋಷ ಯಂತ್ರದ್ದು. ಒಮ್ಮೆಲೇ ಬದಲಾದರೆ ಸಾಮಾನ್ಯವಾಗಿ ಹಾಡುವವರು ಬದಲಾಗಿದ್ದಾರೆಂದು ತಿಳಿಯಬಹುದು. ರಾತ್ರಿಯ ಮೊದಲ ಭಾಗವನ್ನು ಸಹಾಯಕ ಭಾಗವತರು ನಡೆಸಿ, ಬಳಿಕ ಮುಖ್ಯ ಭಾಗವತರು ಬರುವುದು ಮೇಳಗಳ ರೂಢಿ.

ಚಂಡೆಯ ಧ್ವನಿಯೂ ಇದ್ದಂತೆ ಮುದ್ರಿತವಾಗಿರುವುದಿಲ್ಲ. ಸಾಮಾನ್ಯ ಟೇಪ್ ರೆಕಾರ್ಡರುಗಳು ಧ್ವನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಚಂಡೆಯ ಜೋರು ಪೆಟ್ಟು ಬಿದ್ದೊಡನೆ ಮಟ್ಟ ಕುಗ್ಗಿ, ಅದರ ಹಿಂದೆಯೇ ಬರುವ ಭಾಗವತರ ಸ್ವರ ಕ್ಷಣಕಾಲ ಅಡಗುತ್ತದೆ. ಮೌನದಲ್ಲಿ ಮಟ್ಟ ಏರಿ, ಸಮೀಪದಲ್ಲಿ ಕುಳಿತವರ ಕೆಮ್ಮು, ಮಗುವಿನ ಅಳು ಮುಂದಕ್ಕೆ ಬರುತ್ತವೆ. ಭಾಗವತರು ದಮ್ಮು ಸಾಲದೆ ಸ್ವರ ಇಳಿಸಿದರೆಂದು ತೋರುವ ಎಡೆಗಳಲ್ಲಿ ಈ ಕಾರಣವನ್ನು ಮೊದಲು ಪರಿಶೀಲಿಸಬೇಕು. ಪ್ರತಿಯಿಂದ ಪ್ರತಿ ಮಾಡಿದ ಸುರುಳಿಗಳಲ್ಲಿ ಸುಯ್ಯೆಂಬ ಸದ್ದು ಹೆಚ್ಚುತ್ತಾ ಹೋಗಿ, ತಾಳದ ಕಿಂಕಿಣಿಯಂಥ ತಾರಧ್ವನಿಗಳು ಮಸುಕಾಗುತ್ತವೆ.

ಕಾಳಿಂಗ ನಾವಡರ ಸುರುಳಿಗಳು

ಈ ಬಗೆಯ ಮುದ್ರಣಗಳ ಮಹತ್ತ್ವ ಹೆಚ್ಚು ಸ್ಪಷ್ಟವಾಗುವುದು ಕಾಳಿಂಗ ನಾವಡರ ವಿಷಯದಲ್ಲಿ. 1958ರಲ್ಲಿ ಜನಿಸಿದ ಅವರು ನಾರಣಪ್ಪ ಉಪ್ಪೂರರ ಶಿಷ್ಯರು. ಸಾಲಿಗ್ರಾಮ ಮೇಳದ ಭಾಗವತರಾಗಿ ಅಪಾರ ಜನಪ್ರಿಯತೆ ಗಳಿಸಿದರು. 'ನಾಗಶ್ರೀ' ಪ್ರಸಂಗ ಅವರದೇ ರಚನೆ. ಹೊಸ ರಾಗಗಳನ್ನು ರಂಗಕ್ಕೆ ತಂದುದನ್ನು ಯುವ ಪ್ರೇಕ್ಷಕರು ಮೆಚ್ಚಿದಂತೆಯೇ, ಅದರಿಂದ ಪರಂಪರೆಯ ಮಟ್ಟುಗಳು ಹಿಂದೆ ಸರಿಯುತ್ತವೆಂಬ ಆಕ್ಷೇಪವೂ ಇತ್ತು. 1990ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತರ ಆಚೀಚೆ.

ಅವರ ಆಟಗಳನ್ನು ನೋಡದ ತಲೆಮಾರು ಅವರನ್ನು ಅರಿತದ್ದು ಬಹುಪಾಲು ಕೈಯಿಂದ ಕೈಗೆ ದಾಟಿದ ಪ್ರತಿಗಳಿಂದ, ಅನಂತರ ಅಂತರಜಾಲಕ್ಕೆ ಏರಿದ ಅವುಗಳ ಡಿಜಿಟಲ್ ರೂಪಗಳಿಂದ. ಸಾಂಪ್ರದಾಯಿಕರ ಆಕ್ಷೇಪ ಎಷ್ಟರಮಟ್ಟಿಗೆ ಸರಿಯೆಂದು ಪರೀಕ್ಷಿಸಲು ಕೂಡ ಇವೇ ಆಧಾರ. ದಿನಾಂಕ, ಊರು, ಹಿಮ್ಮೇಳದವರ ಹೆಸರುಗಳಿಲ್ಲದ ಪ್ರತಿಗಳು ಕಿವಿಗೆ ಇಂಪಾದರೂ ಈ ಕೆಲಸಕ್ಕೆ ಅಷ್ಟಾಗಿ ಒದಗುವುದಿಲ್ಲ.

ಹಕ್ಕುಗಳ ಪ್ರಶ್ನೆ

ರಾಕ್ ಸಂಗೀತದ ಮೊದಲ ಪ್ರಸಿದ್ಧ ಬೂಟ್‌ಲೆಗ್ ಎನಿಸಿದ, ಬಾಬ್ ಡಿಲನ್ ಅವರ 'ಗ್ರೇಟ್ ವೈಟ್ ವಂಡರ್' 1969ರಲ್ಲಿ ಮಾರುಕಟ್ಟೆಗೆ ಬಂದಿತು. ಅದು ಮಾರಾಟದ ಸರಕು. ಇದಕ್ಕೆ ಪ್ರತಿಯಾಗಿ ಗ್ರೇಟ್‌ಫುಲ್ ಡೆಡ್ ತಂಡವು ತನ್ನ ಕಛೇರಿಗಳಲ್ಲಿ ಮುದ್ರಿಸುವವರಿಗಾಗಿ 1984ರಲ್ಲಿ ಪ್ರತ್ಯೇಕ ಸ್ಥಳವನ್ನೇ ಗೊತ್ತುಮಾಡಿತು. ಆ ಪ್ರತಿಗಳನ್ನು ಮಾರದೆ ವಿನಿಮಯ ಮಾಡಿಕೊಳ್ಳಬೇಕೆಂಬುದು ಅಲ್ಲಿನ ನಿಯಮ. ಯಕ್ಷಗಾನದ ಖಾಸಗಿ ಸುರುಳಿಗಳ ಸ್ವಭಾವ ಈ ಎರಡನೆಯದಕ್ಕೆ ಹತ್ತಿರವಾದುದು.

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರಲ್ಲಿ ಮೊದಲಿಗೆ ಪ್ರದರ್ಶಕ ಕಲಾವಿದರಿಗೆ ಹಕ್ಕುಗಳಿರಲಿಲ್ಲ. 1994ರ ತಿದ್ದುಪಡಿಯು 1995ರ ಮೇ 10ರಂದು ಜಾರಿಗೆ ಬಂದ ಮೇಲೆ 38ನೆಯ ಕಲಮಿನ ಮೂಲಕ ಅವು ದೊರೆತವು. ಕಾಳಿಂಗ ನಾವಡರ ಜೀವಿತಕಾಲದಲ್ಲಿ ಈ ರಕ್ಷಣೆ ಇರಲಿಲ್ಲ. ಮುದ್ರಿಸಿದವರ ಸ್ವಂತ ಉಪಯೋಗದ ಮುದ್ರಣಕ್ಕೆ 39ನೆಯ ಕಲಮು ವಿನಾಯಿತಿ ನೀಡುತ್ತದೆ, ಆದರೆ ಅಂತರಜಾಲದಲ್ಲಿ ಸಾರ್ವಜನಿಕವಾಗಿ ಹರಿಬಿಡುವುದು ಸ್ವಂತ ಉಪಯೋಗವಲ್ಲ. ಪ್ರಸಂಗಕರ್ತರ ಕೃತಿಸ್ವಾಮ್ಯ ಇವೆಲ್ಲಕ್ಕಿಂತ ಬೇರೆ ಪ್ರಶ್ನೆ.

ಸಂರಕ್ಷಣೆ

ಕರಾವಳಿಯ ತೇವದ ಹವೆಯಲ್ಲಿ ಸುರುಳಿಗಳಿಗೆ ಬೂಷ್ಟು ಹಿಡಿಯುತ್ತದೆ. ಒಂದರ ಮೇಲೊಂದು ಸುತ್ತಿದ ತೆಳು ಟೇಪಿನಲ್ಲಿ ಒಂದು ಪದರದ ಧ್ವನಿ ಪಕ್ಕದ ಪದರಕ್ಕೆ ಅಂಟಿ, ಪದ್ಯ ಆರಂಭವಾಗುವ ಮೊದಲೇ ಅದರ ಕ್ಷೀಣ ಛಾಯೆ ಕೇಳುವುದುಂಟು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಈ ಪ್ರದೇಶದ ರಂಗಕಲೆಗಳ ದಾಖಲೀಕರಣ ನಡೆಸಿದೆ. ಮನೆಗಳಲ್ಲಿರುವ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಬರೆದ ಊರು, ತಾರೀಕು, ಪ್ರಸಂಗದ ಹೆಸರುಗಳನ್ನೂ ಜೊತೆಗೆ ದಾಖಲಿಸುವುದು ಧ್ವನಿಯನ್ನು ಉಳಿಸುವಷ್ಟೇ ಮುಖ್ಯ.